ಕುಸ್ತಿಯಿಂದ ಸಿನಿಮಾಕ್ಕೆ ಹೋಗೋ ಮೊದಲು ಕಿವಿ ಆಪರೇಷನ್, ಸಿಕ್ಸ್ ಪ್ಯಾಕ್ ಎರಡೂ ಬೇಕಾ?

ಎರಡೂ ಬೇಡ. ಕೋಟೆ ಮಾರಿಕಾಂಬೆ ಜಾತ್ರೆಯ ಅಖಾಡದಲ್ಲಿ ಕುಸ್ತಿ ಹಿಡಿದವರು, ಕಿವಿ ಗಂಟುಗಟ್ಟಿದೆ, ಪೋಷಕ ಪಾತ್ರಗಳಿಗೆ ಪ್ರಯತ್ನ ಮಾಡಬೇಕು ಅಂತ ಬರೆದಿದ್ದೀರಿ. ನಾನೂ ಶಿವಮೊಗ್ಗದ ಗರಡಿ ಮಟ್ಟಿಯಿಂದ (ಕುಸ್ತಿ ಹಿಡಿಯೋ ಹದ ಮಾಡಿದ ಕೆಮ್ಮಣ್ಣು) ಎದ್ದು ಕ್ಯಾಮೆರಾ ಮುಂದೆ ಹೋಗಿ ನಿಂತವನೇ. ನೀವು ಅಳಿಸಿಕೊಳ್ಳಬೇಕು ಅಂದುಕೊಂಡಿರೋದೇ ನಿಮ್ಮ ಬಂಡವಾಳ, ದಯವಿಟ್ಟು ಅದನ್ನ ಕೊಯ್ಸಿಕೊಳ್ಳಬೇಡಿ.

ಕಿವಿ ವಿಷಯ ಮೊದಲು. ತಲೆಗೆ ತಲೆ ಉಜ್ಜಿದಾಗ ಕಿವಿಯ ಮೃದ್ವಸ್ಥಿಗೂ ಅದರ ಮೇಲಿನ ಪೊರೆಗೂ ನಡುವೆ ರಕ್ತ ತುಂಬಿಕೊಳ್ಳುತ್ತೆ. ಪೊರೆಯಿಂದ ಬರಬೇಕಾದ ಪೋಷಣೆ ತಪ್ಪಿ ಮೃದ್ವಸ್ಥಿ ಮುದುಡುತ್ತೆ, ಅಲ್ಲೇ ಹೊಸ ಗಂಟು ಬೆಳೆಯುತ್ತೆ. ಊತ ಹೊಸದಾಗಿ ಇನ್ನೂ ಮೆತ್ತಗಿದ್ರೆ ಎರಡು-ಮೂರು ದಿನದೊಳಗೆ ಕಿವಿ-ಮೂಗು-ಗಂಟಲು ಡಾಕ್ಟರ ಹತ್ತಿರ ರಕ್ತ ತೆಗೆಸಿ, ಒತ್ತಿ ಪಟ್ಟಿ ಕಟ್ಟಿಸಿಕೊಳ್ಳಿ. ಪಟ್ಟಿ ಸಡಿಲವಾದ್ರೆ ಮತ್ತೆ ತುಂಬುತ್ತೆ, ಪಟ್ಟಿ ಇರೋವರೆಗೂ ಅಖಾಡಕ್ಕೆ ಇಳಿಯಲೇಬೇಡಿ. ಗಟ್ಟಿಯಾಗಿ ಹೋಗಿದ್ರೆ ಹಾಗೇ ಬಿಡಿ. ಒಂದು ಸಲ ಕೇಳಿಸೋದು ಸರಿಯಿದೆಯಾ, ಕಿವಿಯ ತೂತು ಕಿರಿದಾಗಿದೆಯಾ ಅಂತ ಮಾತ್ರ ನೋಡಿಸಿ. ಸೆಟ್ಟಿನ ಗದ್ದಲದಲ್ಲಿ ಎದುರಿನವರ ಕೊನೆಯ ಪದ ಕೇಳಿಸದಿದ್ರೆ ನಿಮ್ಮ ಮಾತು ತಡವಾಗುತ್ತೆ.

ಮೈಕ್ ಮಜುರ್ಕಿ ಅಂತ ಹಾಲಿವುಡ್ ನಟರಿದ್ರು, ವೃತ್ತಿಪರ ಕುಸ್ತಿಯವರು. 1944ರ ‘ಮರ್ಡರ್, ಮೈ ಸ್ವೀಟ್’ನಲ್ಲಿ ಮೂಸ್ ಮಲಾಯ್ ಪಾತ್ರ ಅವರನ್ನ ಎತ್ತಿ ನಿಲ್ಲಿಸಿತು. ಜಜ್ಜಿದ ಮುಖ, ಒರಟು ದನಿ ಇಟ್ಟುಕೊಂಡೇ ದಶಕಗಳ ಕಾಲ ಕೆಲಸ ಮಾಡಿದ್ರು. 1965ರಲ್ಲಿ ಕುಸ್ತಿಯವರಿಗಾಗಿ ಅವರು ಕಟ್ಟಿದ ಕಾಲಿಫ್ಲವರ್ ಆಲಿ ಕ್ಲಬ್‌ಗೆ ಇಂಥ ಕಿವಿಯ ಹೆಸರೇ ಇಟ್ಟಿದ್ದು, ಗಂಟುಗಟ್ಟಿದ ಕಿವಿಗೆ ಇಂಗ್ಲಿಷಲ್ಲಿ ‘ಕಾಲಿಫ್ಲವರ್ ಇಯರ್’ ಅಂತಾರೆ.

ಸಿಕ್ಸ್ ಪ್ಯಾಕ್ ಹೀರೋಗೆ ಒಂದು ಹಾಡಿಗೆ, ಒಂದು ಫೈಟಿಗೆ ಬೇಕಾಗುತ್ತೆ. ನೀರು, ಉಪ್ಪು ಬಿಟ್ಟು ಎಬ್ಬಿಸಿದ ಆ ಮೈ ಕೆಲವೇ ದಿನ ನಿಲ್ಲುತ್ತೆ. ಪೋಷಕ ಪಾತ್ರದವರ ಶೆಡ್ಯೂಲ್ ತಿಂಗಳುಗಟ್ಟಲೆ ಬಿಟ್ಟು ಬಿಟ್ಟು ಬರುತ್ತೆ, ಬಾಗಿಲ ಹೊರಗೆ ನಿಂತ ಶಾಟ್‌ಗೂ ಒಳಗೆ ಬಂದ ಶಾಟ್‌ಗೂ ಮೈ, ಗಡ್ಡ, ಕೂದಲು ಒಂದೇ ಥರ ಇರಬೇಕು. ಪೈಲ್ವಾನ್ ದಾರಾ ಸಿಂಗ್ ಅವರು 1987ರಲ್ಲಿ ಟಿವಿ ‘ರಾಮಾಯಣ’ದ ಹನುಮಂತ ಆದಾಗ ವಯಸ್ಸು 60ರ ಹತ್ತಿರ. 2007ರ ‘ಜಬ್ ವಿ ಮೆಟ್’ನಲ್ಲಿ ಅಜ್ಜನಾಗಿ ಕೂತಿದ್ದು 80ರ ಹತ್ತಿರ. ನೀವು ಮಾಡಬೇಕಾದ್ದು ಇಷ್ಟೇ: ಸಾಮು (ಗರಡಿಯ ಕಸರತ್ತು) ಕಮ್ಮಿಯಾದ ದಿನದಿಂದಲೇ ಹಾಲು, ತುಪ್ಪ, ಬಾದಾಮಿ ಅರ್ಧಕ್ಕೆ ಇಳಿಸಿ, ಬಸ್ಕಿ ಮಾತ್ರ ಬಿಡಬೇಡಿ. ಪೈಲ್ವಾನರ ನಡಿಗೆ ಉಳಿಯೋದು ತೊಡೆಯಲ್ಲಿ.

ಗರಡಿಯಿಂದ ಹೋದವರು ಕೆಲಸ ಕಳೆದುಕೊಳ್ಳೋದು ಬೇರೆ ಕಾರಣಕ್ಕೆ, ಅದನ್ನ ನೀವು ಕೇಳೇ ಇಲ್ಲ. ಕೈಯಲ್ಲಿ ನಿಜವಾದ ಬಲ ಬಿಡೋದು. ನಾಡಕುಸ್ತಿಯಲ್ಲಿ ಎದುರಾಳಿಗೆ ಸುಳಿವು ಸಿಗದ ಹಾಗೆ ಪಟ್ಟು ಹಾಕೋದನ್ನ ಉಸ್ತಾದರು ವರ್ಷಗಟ್ಟಲೆ ಕಲಿಸಿರ್ತಾರೆ. ಶೂಟಿಂಗ್‌ನಲ್ಲಿ ಎದುರಿನವರಿಗೆ ಸುಳಿವು ಕೊಟ್ಟೇ ಹಾಕಬೇಕು: ಕಣ್ಣು ಸೇರಿಸಿ, ಅವರ ತಯಾರಿ ನೋಡಿ, ಆಮೇಲೆ ಕೈ. ಟಿವಿಯಲ್ಲಿ ಬರೋ ರೆಸ್ಲಿಂಗ್‌ನವರು ಬೇಗ ನಟರಾಗೋದು ಇದಕ್ಕೇ, ಅಲ್ಲಿ ಎತ್ತಿಸಿಕೊಳ್ಳೋನೂ ಜಿಗಿದು ಸಹಾಯ ಮಾಡ್ತಾನೆ. ಜುಟ್ಟು ಹಿಡಿದು ಎಳೆಯೋ ದೃಶ್ಯದಲ್ಲಿ ನಿಮ್ಮ ಮುಷ್ಟಿ ಅವರ ತಲೆ ಮೇಲೆ ಸುಮ್ಮನೆ ಕೂತಿರುತ್ತೆ, ಅವರೇ ಎರಡೂ ಕೈಯಲ್ಲಿ ನಿಮ್ಮ ಮಣಿಕಟ್ಟು ಹಿಡಿದು ತಲೆ ಆಡಿಸ್ತಾರೆ. ಕುತ್ತಿಗೆ ಹಿಸುಕುವಾಗ ಹೆಬ್ಬೆರಳು ಗಂಟಲಿಗೆ ತಾಗಬಾರದು, ಅಂಗೈ ಕೊರಳೆಲುಬಿನ ಮೇಲಿರಲಿ. ಬಿಗಿ ನಿಮ್ಮ ಮುಂಗೈಯಲ್ಲಿ ಕಾಣಬೇಕು, ಅವರ ಚರ್ಮದಲ್ಲಲ್ಲ. ಗುದ್ದು ಮುಖಕ್ಕಿಂತ ಒಂದು ಗೇಣು ದೂರದಲ್ಲಿ ಹಾದು ಹೋಗಬೇಕು, ಕ್ಯಾಮೆರಾ ಒಬ್ಬರ ಬೆನ್ನ ಹಿಂದಿದ್ರೆ ಆ ಅಂತರ ಕಾಣೋದಿಲ್ಲ. ಕ್ಯಾಮೆರಾ ಪಕ್ಕದಿಂದ ಹಿಡಿದ್ರೆ ಅಂತರ ಬಯಲಾಗುತ್ತೆ, ಆಗ ಫೈಟ್ ಮಾಸ್ಟರ್ ಜಾಗ ಬದಲಿಸ್ತಾರೆ. ‘ಅಂತರ ಕಾಣ್ತಿದೆ’ ಅಂದ ಕೂಡಲೇ ಪೈಲ್ವಾನರು ಹತ್ತಿರ ಹೋಗಿ ನಿಜವಾಗ್ಲೂ ತಾಗಿಸಿಬಿಡ್ತಾರೆ. ತುಟಿ ಒಡೆದ್ರೆ ಆ ದಿನದ ಶೂಟಿಂಗ್ ನಿಂತ ಹಾಗೇ, ಆಮೇಲೆ ನಿಮ್ಮನ್ನ ಕರೆಯೋರು ಇರಲ್ಲ.

ಬೀಳೋದೂ ಹೊಸದಾಗಿ ಕಲೀಬೇಕು. ಗರಡಿಯಲ್ಲಿ ಬೆನ್ನು ತಾಗಿದ್ರೆ ಸೋಲು ಅಂತ ಮೈ ತಿರುಗಿಸಿ, ಮೊಣಕೈ ಊರಿ ರೂಢಿ. ಗಟ್ಟಿ ನೆಲದ ಮೇಲೆ ಅದೇ ಅಭ್ಯಾಸ ಮಣಿಕಟ್ಟು, ಕೊರಳೆಲುಬು ಮುರಿಸುತ್ತೆ. ಗದ್ದ ಎದೆಗೆ, ಹಲ್ಲು ಕಚ್ಚಿ, ಉಸಿರು ಹೊರಗೆ ಬಿಡುತ್ತಾ ಬೆನ್ನಿನ ಮೇಲ್ಭಾಗದ ಮೇಲೆ ಚಪ್ಪಟೆಯಾಗಿ ಬೀಳಿ. ಕೈ ಮೈಯಿಂದ 45 ಡಿಗ್ರಿ ದೂರ, ಅಂಗೈ ಕೆಳಗೆ, ಬೆನ್ನಿನ ಜೊತೆಗೇ ನೆಲಕ್ಕೆ ಬಡೀಬೇಕು. ನಮ್ಮ ತೀರ್ಥಹಳ್ಳಿ, ಆಗುಂಬೆ ಕಡೆ ಹೊರಾಂಗಣ ಶೂಟಿಂಗ್ ಆದ್ರೆ ಮಣ್ಣು ಕೆಂಪಗಿದೆ ಅಂತ ಮಟ್ಟಿ ಅಂದುಕೊಳ್ಳಬೇಡಿ. ಒಳಗೆ ಜಂಬಿಟ್ಟಿಗೆ ಚೂರಿರುತ್ತೆ, ಮಳೆಗಾಲದಲ್ಲಿ ಮೇಲೆ ಪಾಚಿ. ಬೀಳೋ ಜಾಗ ನೀವೇ ಕೈಯಾಡಿಸಿ ನೋಡಿ, ಕೆಳಗೆ ಮ್ಯಾಟ್ ಕೇಳಿ ಹಾಕಿಸಿ. ಬೆನ್ನು ನೋವಿದ್ರೆ ಬಾಯಿಬಿಟ್ಟು ಹೇಳಿ. ಟಿವಿ ರೆಸ್ಲಿಂಗ್‌ನ ದೈತ್ಯ ಆಂಡ್ರೆ ದಿ ಜೈಂಟ್ ಅಂಥವರಿಗೇ ‘ದಿ ಪ್ರಿನ್ಸೆಸ್ ಬ್ರೈಡ್’ ಸಿನಿಮಾ ಸಮಯದಲ್ಲಿ ಬೆನ್ನಿನ ತೊಂದರೆ ಇತ್ತು, ನಾಯಕಿಯನ್ನ ಎತ್ತಿ ಹಿಡಿಯೋ ದೃಶ್ಯಕ್ಕೆ ತಂತಿಯ ಆಧಾರ ಕೊಟ್ಟರು.

ಡೈಲಾಗ್ ಕಲಿಯೋಕೂ ಆಂಡ್ರೆಯದೇ ದಾರಿ ಒಳ್ಳೇದು. ಆ ಸಿನಿಮಾದ ನಿರ್ದೇಶಕ ರಾಬ್ ರೈನರ್, ಆಂಡ್ರೆ ಹೇಳಬೇಕಾದ ಮಾತೆಲ್ಲಾ ಟೇಪ್ ಮಾಡಿ ಕೊಟ್ಟಿದ್ರು, ಅದನ್ನ ಕೇಳಿ ಕೇಳಿ ಅವರು ಕಲಿತ್ರು. ನೀವು ಫೋನಲ್ಲಿ ಎದುರಿನವರ ಮಾತು ರೆಕಾರ್ಡ್ ಮಾಡಿ, ನಿಮ್ಮ ಸಾಲಿಗೆ ಜಾಗ ಖಾಲಿ ಬಿಟ್ಟು, ನಡೀತಾ ಹೇಳಿಕೊಳ್ಳಿ. ದುಡ್ಡು ಕೊಟ್ಟು ಕಲಿಯೋದಾದ್ರೆ ಬೆಂಗಳೂರಿನ ವಾರಾಂತ್ಯದ ಕ್ಲಾಸಿಗಿಂತ ಸಾಗರದ ಪಕ್ಕದ ಹೆಗ್ಗೋಡಿಗೆ ಹೋಗಿ. ನೀನಾಸಂ ರಂಗಶಿಕ್ಷಣ ಕೇಂದ್ರ 1980ರಿಂದ ಇದೆ. ಸುಮ್ಮನೆ ನಿಂತು ಇನ್ನೊಬ್ಬರ ಮಾತು ಕೇಳಿಸಿಕೊಳ್ಳೋದನ್ನ ರಂಗಭೂಮಿ ಕಲಿಸೋ ಹಾಗೆ ಜಿಮ್ ಕಲಿಸಲ್ಲ. ನಿಮ್ಮ ಮಲೆನಾಡಿನ ಮಾತಿನ ಧಾಟಿಯನ್ನೂ ತಿದ್ದಿಕೊಳ್ಳಬೇಡಿ.

ಪಾತ್ರ ಕೇಳುವಾಗ ಕಳಿಸೋದು ಮೂರು ಫೋಟೋ: ಎದುರಿನಿಂದ ಒಂದು, ಎರಡೂ ಪಕ್ಕದಿಂದ ಒಂದೊಂದು. ಬಿಳಿ ಗೋಡೆ, ಹಗಲು ಬೆಳಕು, ಕಿವಿ ಪೂರ್ತಿ ಕಾಣಬೇಕು, ಫಿಲ್ಟರ್ ಬೇಡ. ಜೊತೆಗೆ ಒಂದು ನಿಮಿಷದ ವಿಡಿಯೋ, ಎತ್ತರ, ತೂಕ, ಹಿಡಿದ ಕುಸ್ತಿಗಳ ವಿವರ. ಪಾತ್ರ ಕೊಡಿಸ್ತೀನಿ ಅಂತ ಮುಂಗಡ ಕೇಳೋರಿಗೆ ಒಂದು ರೂಪಾಯಿಯೂ ಕೊಡಬೇಡಿ.