ಗಂಡನ ಮುತ್ತಜ್ಜ ಪೋಲೆಂಡಿನಿಂದ ಅಮೆರಿಕಕ್ಕೆ ಬಂದವರು. ಡಿಎನ್‌ಎ ಟೆಸ್ಟ್‌ನಲ್ಲೂ ಪೋಲಿಷ್ ಅಂತ ಬಂದಿದೆ. ನಮಗೂ ಮಕ್ಕಳಿಗೂ ಪೋಲಿಷ್ ಪೌರತ್ವಕ್ಕೆ ವಕೀಲರನ್ನು ಹಿಡಿಯೋಣವಾ?

ಬೇಡ, ಈಗಲೇ ದುಡ್ಡು ಕಟ್ಟಬೇಡಿ. ಡಿಎನ್‌ಎ ಕಾಗದವನ್ನಂತೂ ಮರೆತುಬಿಡಿ, ಪೋಲೆಂಡಿನ ಕಾನೂನಿಗೆ ಅದು ಲೆಕ್ಕಕ್ಕೇ ಇಲ್ಲ.

ನಾನು ಹಾಸನದವಳು, ಸೊಸೆಯಾಗಿ ಬಂದದ್ದು ಶಿಕಾಗೋದ ಪೋಲಿಷ್ ಮನೆಗೆ. ನನ್ನ ಗಂಡನ ಮುತ್ತಜ್ಜ 1909ರಲ್ಲಿ ತಾರ್ನುಫ್ ಕಡೆಯಿಂದ ಬಂದವರು. ಆಗ ಪೋಲೆಂಡ್ ಅನ್ನುವ ದೇಶವೇ ಇರಲಿಲ್ಲ, 1795ರಿಂದ 1918ರವರೆಗೆ ರಷ್ಯಾ, ಪ್ರಷ್ಯಾ, ಆಸ್ಟ್ರಿಯಾ ಹಂಚಿಕೊಂಡಿದ್ದವು. ತಾರ್ನುಫ್ ಆಸ್ಟ್ರಿಯಾದ ಪಾಲು. "ಅಜ್ಜ ಸಾಯುವವರೆಗೂ ಅಮೆರಿಕದವನಾಗಲಿಲ್ಲ" ಅಂತ ನಮ್ಮತ್ತೆ ಹಬ್ಬಹಬ್ಬಕ್ಕೂ ಹೇಳುತ್ತಿದ್ದರು. ನಂಬಿಬಿಟ್ಟೆವು.

ಕೆಟ್ಟದ್ದೇ ಅಲ್ಲಿ. ಪೋಲೆಂಡ್ ಕಡೆಯ ಕಾಗದಗಳ ಹಿಂದೆ ಬಿದ್ದೆವು. ಚರ್ಚಿನ ಲ್ಯಾಟಿನ್ ಜನನ ದಾಖಲೆ ತರಿಸಿ, ಇಲ್ಲಿನ ಜನನ, ಮದುವೆ ಪತ್ರಗಳಿಗೆಲ್ಲ ಅಪೊಸ್ಟಿಲ್ (ಕಾಗದ ಅಸಲಿ ಅಂತ ಬೇರೆ ದೇಶ ಒಪ್ಪುವ ಸರ್ಕಾರಿ ಮುದ್ರೆ) ಹಾಕಿಸಿ, ಪುಟಕ್ಕಿಷ್ಟು ಅಂತ ಪೋಲಿಷ್‌ಗೆ ಅನುವಾದ ಮಾಡಿಸಿದೆವು. ವಕೀಲರ ಆಫೀಸಿನವರು ಅಡ್ವಾನ್ಸ್ ತಗೊಂಡರೇ ಹೊರತು ಅಜ್ಜ ಅಮೆರಿಕದ ಪೌರತ್ವ ಯಾವಾಗ ತಗೊಂಡರು ಅಂತ ಕೇಳಲಿಲ್ಲ. ನಾವೂ ಕೇಳಲಿಲ್ಲ. ಮೊದಲು ಕೇಳಬೇಕಾದದ್ದೇ ಅದು, ಅಲ್ವಾ? ಉತ್ತರ 1920ರ ಅಮೆರಿಕದ ಜನಗಣತಿಯಲ್ಲಿ ಪುಕ್ಕಟೆ ಕೂತಿತ್ತು. ಅಜ್ಜನ ಹೆಸರಿನ ಸಾಲಿನಲ್ಲಿ, ವಲಸೆ ಬಂದ ವರ್ಷದ ಪಕ್ಕ 'ಎನ್‌ಎ' ಅಂತ ಎರಡಕ್ಷರ, ಅದರಾಚೆ 1915. ಪೌರತ್ವ ಆಗಿದೆ ಅಂತ ಅರ್ಥ. ಕೋರ್ಟಿನ ಕಾಗದ ತೆಗೆಸಿದರೆ ಅಲ್ಲೂ ಅದೇ: ಆಸ್ಟ್ರಿಯಾದ ಚಕ್ರವರ್ತಿಯ ಋಣ ಹರಿದುಕೊಂಡೆ ಅಂತ ಅಜ್ಜನ ಸೊಟ್ಟ ಸಹಿ.

ಸ್ವತಂತ್ರ ಪೋಲೆಂಡಿನ ಮೊದಲ ಪೌರತ್ವ ಕಾನೂನು ಬಂದದ್ದು 1920ರ ಜನವರಿಯಲ್ಲಿ. ಅಷ್ಟರಲ್ಲಿ ಅಜ್ಜ ಅಮೆರಿಕದವರಾಗಿದ್ದರು, ಪೋಲಿಷ್ ಪ್ರಜೆ ಆಗಲೇ ಇಲ್ಲ. ಅವರಿಗೇ ಇಲ್ಲದ್ದು ಮರಿಮಕ್ಕಳಿಗೆ ಎಲ್ಲಿಂದ ಬರಬೇಕು?

ಅದೇ ಜನಗಣತಿಯಲ್ಲಿ ನಿಮ್ಮವರ ಹೆಸರಿನ ಮುಂದೆ 'ಎಎಲ್' ಇದ್ದರೆ, ಅಂದರೆ ಆಗಿನ್ನೂ ವಿದೇಶಿ ಅಂತಿದ್ದರೆ, ಆಸೆ ಇಟ್ಟುಕೊಳ್ಳಬಹುದು. ಸೈನ್ಯದ ಸೇವೆ ಬಾಕಿ ಇದ್ದ ಗಂಡಸರು ಬೇರೆ ದೇಶದ ಪೌರತ್ವ ತಗೊಂಡರೂ 1951ರವರೆಗೆ ಪೋಲಿಷ್ ಪೌರತ್ವ ಸುಮ್ನೆ ಹೋಗುತ್ತಿರಲಿಲ್ಲ. ಹೆಂಗಸರಿಗೆ ಈ ರಿಯಾಯಿತಿ ಇಲ್ಲ! ಆಗ ಮದುವೆಯಾದವರ ಮಗುವಿಗೆ ಬರುತ್ತಿದ್ದದ್ದು ಅಪ್ಪನ ಪೌರತ್ವ, ಹಾಗಾಗಿ ಮುತ್ತಜ್ಜಿಯ ಕಡೆಯಿಂದ ಹೋಗೋಣ ಅನ್ನುವ ಉಪಾಯ ಹೆಚ್ಚಾಗಿ ನಡೆಯುವುದಿಲ್ಲ.

'ನಮಗೂ' ಅಂತ ಬರೆದಿದ್ದೀರಿ. ನಿಮಗೆ ಬರುವುದಿಲ್ಲ. ಇದು ಹೊಸದಾಗಿ ಕೊಡುವ ಪೌರತ್ವ ಅಲ್ಲ. ವಂಶದಲ್ಲಿ ಕಡಿಯದೆ ಬಂದಿದೆಯಾ ಅಂತ ನೋಡಿ ಖಚಿತಪಡಿಸುವುದಷ್ಟೇ, ಹೆಂಡತಿಗೆ ಅದರಲ್ಲಿ ಪಾಲಿಲ್ಲ. ನಿಮ್ಮದು ಇನ್ನೂ ಭಾರತದ ಪಾಸ್‌ಪೋರ್ಟ್ ಆಗಿದ್ದರೆ ನಮ್ಮ ದೇಶ ಹೇಗೂ ಎರಡು ಪೌರತ್ವ ಒಪ್ಪುವುದಿಲ್ಲ. ಅಮೆರಿಕದ ಪ್ರಜೆಗಳಾದ ಮಕ್ಕಳಿಗೆ ಆ ತೊಂದರೆ ಇಲ್ಲ.

ದಾರಿ ಮುಚ್ಚಿದ್ದರೆ 'ಕಾರ್ತಾ ಪೊಲಾಕಾ' ಅಂತ ಒಂದು ಕಾರ್ಡ್ ಇದೆ, 2019ರಿಂದ ಅಮೆರಿಕದವರಿಗೂ ಕೊಡುತ್ತಾರೆ. ಅದು ಪೌರತ್ವ ಅಲ್ಲ, ಅಲ್ಲಿ ಹೋಗಿ ನೆಲೆಸುವುದಕ್ಕೆ ಅನುಕೂಲ. ಆದರೆ ಪೋಲಿಷ್ ಮಾತಾಡಲು ಬರಬೇಕು. ನಮ್ಮೆಜಮಾನರು ಈಗ ಪಾಠಕ್ಕೆ ಹೋಗುತ್ತಿದ್ದಾರೆ. ಪರವಾಗಿಲ್ಲ, ಸುರಿದ ದುಡ್ಡಿನಲ್ಲಿ ಜಾಸ್ತಿ ಪ್ರಯೋಜನಕ್ಕೆ ಬಂದದ್ದು ಆ ಫೀಸೇ.