ಪರ್ಸಿ ಕಲ್ಲಿನ ಕೋಣೆಯಲ್ಲಿ ಬೀಸುವ ಪದ

ಪ್ರಶ್ನೆ: ನಮ್ಮವ್ವ ಹಾಡುವ ಬೀಸುಕಲ್ಲಿನ ಪದಗಳನ್ನು ಮನೆಯಲ್ಲೇ ರೆಕಾರ್ಡ್ ಮಾಡುತ್ತಿದ್ದೇನೆ. 10×12 ಅಡಿ ಕೋಣೆ, ಕೆಳಗೆ ಪರ್ಸಿ, ಮೇಲೆ ಆರ್‌ಸಿಸಿ. ಕಂಡೆನ್ಸರ್ ಮೈಕ್ ಇದೆ. ದನಿ ಬಾವಿಯೊಳಗಿಂದ ಬಂದಂತೆ ಕೇಳುತ್ತದೆ. ಒಂದು ಗೋಡೆ ತುಂಬ ಮೊಟ್ಟೆ ಟ್ರೇ ಅಂಟಿಸಿದೆ, ಫರಕ್ ಬೀಳಲಿಲ್ಲ. ಫೋಮ್ ತರಿಸಲೇ, ಅಕ್ಕಾ?
— ಓದುಗಿ, ಶಹಾಬಾದ್

ಉತ್ತರ: ತಂಗಿ, ಫೋಮಿಗೆ ದುಡ್ಡು ಹಾಕುವ ಮೊದಲು ಮನೆಯಲ್ಲಿ ಎಷ್ಟು ಕೌದಿ ಇವೆ ಎಣಿಸು.

ನಿಮ್ಮೂರಿನ ಕಲ್ಲು ಹಾಸಿದ ಕೋಣೆಗಳು ನನಗೆ ಚೆನ್ನಾಗಿ ಗೊತ್ತು. ಬೇಸಿಗೆಯಲ್ಲಿ ಕಾಲಿಗೆ ತಂಪು, ಮೈಕಿಗೆ ಮಾತ್ರ ಕಷ್ಟ. ನುಣುಪು ಕಲ್ಲು ಸದ್ದನ್ನು ಹೀರುವುದು ತೀರಾ ಕಡಿಮೆ, ಬಂದದ್ದನ್ನು ಹೆಚ್ಚುಕಡಿಮೆ ಬಂದಂತೆಯೇ ವಾಪಸ್ ಕಳಿಸುತ್ತದೆ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಕೋಣೆಯ ನಡುವೆ ಕೂತು ಹಾಡಿದರೆ 5 ಅಡಿ ದೂರದ ಗೋಡೆಗೆ ಬಡಿದು 9 ಮಿಲಿಸೆಕೆಂಡಿನಲ್ಲಿ ತಿರುಗಿ ಬರುತ್ತದೆ. ಅಷ್ಟು ಬೇಗ ಬಂದದ್ದು ಬೇರೆ ದನಿಯಾಗಿ ಕೇಳಿಸದೆ ಮೂಲ ದನಿಯಲ್ಲೇ ಬೆರೆಯುತ್ತದೆ; ನಿನ್ನ ಬಾವಿ ಇದೇ. ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟು. ಹಿಂದೆಯೇ ‘ಟರ್ರ್’ ಎಂದರೆ ಎದುರುಬದುರು ಗೋಡೆಗಳು ಸದ್ದನ್ನು ಎಸೆದಾಡುತ್ತಿವೆ ಅಂತ ತಿಳಿ.

ಮೊಟ್ಟೆ ಟ್ರೇ ತೆಗೆದುಬಿಡು. ಆ ತೆಳು ರಟ್ಟಿಗೆ ಸದ್ದು ಹೀರುವಷ್ಟು ದಪ್ಪವಿಲ್ಲ, ಬೆಂಕಿಯ ಭಯ ಬೇರೆ.

ಈಗ ಕೌದಿ. ಹಳೆಯ ಸೀರೆ, ಧೋತರ ಪದರ ಪದರ ಸೇರಿಸಿ ಹೊಲಿದದ್ದು ಇದಕ್ಕೆ ಹೇಳಿ ಮಾಡಿಸಿದಂತಿದೆ. ಆದರೆ ಗೋಡೆಗೆ ಒತ್ತಿ ಹೊಡೆಯಬೇಡ. ಗೋಡೆಯಿಂದ 4 ಇಂಚು ಬಿಟ್ಟು ಹಗ್ಗ ಕಟ್ಟಿ ಎರಡು ಮಡಿಕೆ ಮಾಡಿ ಇಳಿಬಿಡು. ಎಲ್ಲಿ ಅನ್ನುವುದೇ ಮುಖ್ಯ. ನಿನ್ನಲ್ಲಿರುವಂಥ ಕಂಡೆನ್ಸರ್ ಮೈಕ್ ಸಾಮಾನ್ಯವಾಗಿ ಕಾರ್ಡಿಯಾಯ್ಡ್ ಇರುತ್ತದೆ. ಅಂದರೆ ಅದಕ್ಕೆ ತನ್ನ ಮುಂದಿನದು ಕೇಳುತ್ತದೆ, ತನ್ನ ಹಿಂದಿನದು ಕಡಿಮೆ. ಮೈಕ್ ಅವ್ವನ ಕಡೆ ಮುಖ ಮಾಡಿರುವುದರಿಂದ ಅವ್ವನ ಹಿಂದಿನ ಗೋಡೆಯೇ ಅದರ ಎದುರು. ಹಾಗಾಗಿ ಮೊದಲ ಕೌದಿ ಅವ್ವನ ಬೆನ್ನ ಹಿಂದೆ ಬರಲಿ. ಆಮೇಲೆ ಎರಡೂ ಪಕ್ಕ, ಸಾಧ್ಯವಾದರೆ ತಲೆಯ ಮೇಲೂ ಒಂದು. ಮೈಕ್ ಬಾಯಿಯಿಂದ ಒಂದು ಗೇಣು ದೂರವಿರಲಿ. ಹತ್ತಿರ ಬಂದಷ್ಟೂ ದನಿ ಏರುತ್ತದೆ, ಕೋಣೆಯ ಗುಂಯ್ ಇದ್ದಷ್ಟೇ ಇರುತ್ತದೆ.

ನಾಲ್ಕೂ ಗೋಡೆಗೆ ತೆಳು ಬಟ್ಟೆ ಹೊಚ್ಚುವ ತಪ್ಪನ್ನು ನಾನು ಕಲಬುರಗಿಯ ನಮ್ಮ ಮನೆಯಲ್ಲಿ ಮಾಡಿದ್ದೆ. ತತ್ವಪದ ರೆಕಾರ್ಡಿಂಗ್ ಇತ್ತು. ಏಕತಾರಿಯ ಹೊಳಪು ಸತ್ತೇ ಹೋಯಿತು, ಡಗ್ಗಾದ ಗುಮ್ ಮಾತ್ರ ಉಳಿಯಿತು. 100 ಹರ್ಟ್ಸಿನಂಥ ತಗ್ಗು ಸದ್ದಿನ ಅಲೆ 11 ಅಡಿ ಉದ್ದ, ಬಟ್ಟೆಗೆ ಅದು ಬಗ್ಗುವುದಿಲ್ಲ. ಮೂಲೆಗಳಲ್ಲಿ ಹತ್ತಿಯ ಗಾದಿ ಸುತ್ತಿ ನಿಲ್ಲಿಸಿದ ಮೇಲೆ ಸ್ವಲ್ಪ ಹತೋಟಿಗೆ ಬಂತು. ಮುಂದೆ ದುಡ್ಡು ಕೂಡಿದರೆ 2 ಇಂಚಿನ ರಾಕ್‌ವುಲ್ (ಕಲ್ಲು ಕರಗಿಸಿ ತೆಗೆದ ನಾರು) ಹಲಗೆಗೆ ಕಟ್ಟಿಗೆ ಚೌಕಟ್ಟು ಮಾಡಿಸಿ ಬಟ್ಟೆ ಹೊಚ್ಚು. ಕೆಲಸ ಮಾಡುವಾಗ ಕೈಗವಸು, ಮಾಸ್ಕ್ ಬೇಕು.

ಹೊರಗಿನ ಆಟೋ, ಲಾರಿ ಸದ್ದನ್ನು ಇದಾವುದೂ ತಡೆಯುವುದಿಲ್ಲ. ಅದಕ್ಕೇ ನಸುಕಿನಲ್ಲಿ ಕೂಡ್ರಿ, ಆಗ ಫ್ಯಾನ್ ಇಲ್ಲದೆಯೂ ಸೆಕೆ ತಾಳಬಹುದು. ಬೀಸುವ ಹೊತ್ತೂ ಅದೇ ಅಲ್ಲವೇ.

ಇನ್ನೊಂದು: ಬೀಸುಕಲ್ಲಿನ ನಡುಕ ಪರ್ಸಿಯೊಳಗೇ ಹರಿದು ಮೈಕ್ ಸ್ಟ್ಯಾಂಡ್ ಹತ್ತುತ್ತದೆ. ಕಲ್ಲಿನ ಕೆಳಗೊಂದು, ಸ್ಟ್ಯಾಂಡಿನ ಕೆಳಗೊಂದು ಗೋಣಿಚೀಲ ನಾಲ್ಕು ಮಡಿಕೆ ಮಾಡಿ ಹಾಕು. ಕಲ್ಲು ತಿರುಗುವ ಸದ್ದನ್ನು ಮಾತ್ರ ಅಳಿಸಬೇಡ. ಅವ್ವ ಉಸಿರು ತೆಗೆದುಕೊಳ್ಳುವುದು ಅದರ ಸುತ್ತಿಗೇ.