ತಿಂಗಳಿಗೆ ಹದಿನೈದು ಹಾಳೆಗೆ ಯಾವ ಪ್ರಿಂಟರ್?

ಪ್ರಶ್ನೆ: ನಮ್ಮ ಇಂಕ್‌ಜೆಟ್ ಪ್ರಿಂಟರಿಗೆ ಮೂರು ವರ್ಷವಾಯಿತು. ತಿಂಗಳಿಗೆ ಹದಿನೈದು ಹಾಳೆ ತೆಗೆದರೆ ಅದೇ ಜಾಸ್ತಿ. ಆದರೂ ಇಂಕ್ ಖಾಲಿ ಅನ್ನುತ್ತದೆ. ಅರ್ಜೆಂಟ್ ಇದ್ದ ದಿನವೇ ಅಕ್ಷರದ ಮಧ್ಯೆ ಬಿಳಿ ಗೆರೆ ಬರುತ್ತದೆ. ಲೇಸರ್ ತಗೋ ಅಂತ ತಮ್ಮ ಹೇಳುತ್ತಾನೆ. ಆದರೆ ಮಗಳ ಪ್ರಾಜೆಕ್ಟಿಗೆ ಆಗಾಗ ಬಣ್ಣದ ಚಿತ್ರ ಬೇಕು. ಏನು ಮಾಡಲಿ?

ಉತ್ತರ: ತಮ್ಮನ ಮಾತು ಕೇಳಿ. ಬಣ್ಣದ ವಿಷಯಕ್ಕೆ ಆಮೇಲೆ ಬರೋಣ.

ಪ್ರಿಂಟರ್ ತಗೊಳ್ಳುವಾಗ ಎಲ್ಲರೂ ಎಷ್ಟು ಹಾಳೆ ತೆಗೆಯುತ್ತೀರಿ ಅಂತ ಕೇಳುತ್ತಾರೆ. ಒಂದು ಪ್ರಿಂಟಿಗೂ ಇನ್ನೊಂದಕ್ಕೂ ನಡುವೆ ಎಷ್ಟು ದಿನ ಸುಮ್ನೆ ಬಿದ್ದಿರುತ್ತದೆ ಅಂತ ಯಾರೂ ಕೇಳುವುದಿಲ್ಲ. ನಿಮ್ಮ ಗೋಳೆಲ್ಲ ಇರುವುದು ಅಲ್ಲೇ. ಇಂಕ್‌ಜೆಟ್‌ನಲ್ಲಿ ಕೂದಲೆಳೆಗಿಂತ ಸಣ್ಣ ತೂತುಗಳಿಂದ ದ್ರವ ಶಾಯಿ ಚಿಮ್ಮಬೇಕು. ವಾರಗಟ್ಟಲೆ ಮುಟ್ಟದಿದ್ದರೆ ಶಾಯಿ ಆ ತೂತುಗಳ ಬಾಯಲ್ಲೇ ಒಣಗಿ ಕೂರುತ್ತದೆ. ನಿಮ್ಮ ಬಿಳಿ ಗೆರೆ ಅದೇ. ಆಗ ನೀವು ಹೆಡ್ (ಆ ತೂತುಗಳಿರುವ ಭಾಗ) ಕ್ಲೀನಿಂಗ್ ಕೊಡುತ್ತೀರಿ, ಅದು ಹೊಸ ಶಾಯಿಯನ್ನು ಜೋರಾಗಿ ಎಳೆದು ಕಟ್ಟಿದ್ದನ್ನು ಬಿಡಿಸುತ್ತದೆ, ಎಳೆದ ಶಾಯಿ ಎಲ್ಲಿಗೆ ಹೋಗುತ್ತದೆ ಅಂದರೆ ಮೆಷಿನ್ ಒಳಗೆ ಸ್ಪಂಜಿನಂಥ ಒಂದು ಪ್ಯಾಡ್ ಇರುತ್ತದಲ್ಲ, ಅದರೊಳಕ್ಕೆ. ಎಷ್ಟೋ ಪ್ರಿಂಟರುಗಳು ನೀವು ಕೇಳದೆಯೂ ತಾವಾಗಿ ಇದನ್ನು ಮಾಡಿಕೊಳ್ಳುತ್ತವೆ. ಹಾಳೆಗಿಂತ ಪ್ಯಾಡೇ ಜಾಸ್ತಿ ಶಾಯಿ ಕುಡಿದಿದ್ದರೂ ಆಶ್ಚರ್ಯವಿಲ್ಲ.

ನಾನೂ ಒಂದು ರಾತ್ರಿ ಹಠಕ್ಕೆ ಬಿದ್ದು ಎಂಟು ಸಲ ಕ್ಲೀನಿಂಗ್ ಕೊಟ್ಟಿದ್ದೆ. ಎರಡನೇ ಸಲಕ್ಕೇ ಟೆಸ್ಟ್ ಪೇಜಿನಲ್ಲಿ ಗೆರೆಗಳು ಮುಕ್ಕಾಲು ಪಾಲು ಕೂಡಿಕೊಂಡಿದ್ದವು. ಎಂಟನೇ ಸಲ ಹಳದಿ ಪೂರ್ತಿ ಮಾಯ! ಶಾಯಿಯೇ ಮುಗಿದಿತ್ತು. ಎರಡು ಮೂರು ಸಲಕ್ಕೆ ಸರಿಹೋಗದಿದ್ದರೆ ಒಂದು ರಾತ್ರಿ ಹಾಗೇ ಬಿಟ್ಟು ಬೆಳಿಗ್ಗೆ ಮತ್ತೆ ನೋಡಿ. ಕೆಲಸ ಮುಗಿದ ಮೇಲೆ ಪ್ರಿಂಟರಿನ ಬಟನ್‌ನಿಂದಲೇ ಆಫ್ ಮಾಡಿ. ಗೋಡೆಯ ಸ್ವಿಚ್ ತೆಗೆದರೆ ಹೆಡ್ ತನ್ನ ಜಾಗಕ್ಕೆ ಹೋಗಿ ಮುಚ್ಚಿಕೊಳ್ಳುವುದೇ ಇಲ್ಲ, ಬೇಗ ಒಣಗುತ್ತದೆ.

ಲೇಸರಿನಲ್ಲಿ ಒಣಗಲು ಏನೂ ಇಲ್ಲ, ಏಕೆಂದರೆ ಅದರಲ್ಲಿ ಶಾಯಿಯ ಬದಲು ಇರುವ ಟೋನರ್ ಮೊದಲೇ ಒಣ ಪುಡಿ, ಹೆಚ್ಚಾಗಿ ಪ್ಲಾಸ್ಟಿಕ್. ಬೆಳಕು ಒಳಗೆ ತಿರುಗುವ ಡ್ರಮ್ ಎಂಬ ಉರುಳೆಯ ಮೇಲೆ ಅಕ್ಷರದ ಆಕಾರವನ್ನು ವಿದ್ಯುತ್ ಚಾರ್ಜಿನಲ್ಲಿ ಬರೆಯುತ್ತದೆ, ಪುಡಿ ಅಲ್ಲಿ ಅಂಟುತ್ತದೆ, ಅಲ್ಲಿಂದ ಹಾಳೆಗೆ ಇಳಿಯುತ್ತದೆ, ಕೊನೆಗೆ ಸುಮಾರು 200 ಡಿಗ್ರಿ ಸೆಲ್ಸಿಯಸ್ ಬಿಸಿಯ ರೋಲರ್ ಅದನ್ನು ಕರಗಿಸಿ ಒತ್ತುತ್ತದೆ. ಹಾಳೆ ಕೈಗೆ ಬಂದಾಗ ಬೆಚ್ಚಗಿರುವುದು ಅದಕ್ಕೇ. ಮೂರು ತಿಂಗಳು ಬಿಟ್ಟು ಆನ್ ಮಾಡಿದರೂ ಮೊದಲ ಹಾಳೆಯೇ ಸರಿಯಾಗಿ ಬರುತ್ತದೆ. ನೀರು ಬಿದ್ದರೂ ಅಕ್ಷರ ಹರಡುವುದಿಲ್ಲ.

ಲೆಕ್ಕ ನೋಡಿ. ತಿಂಗಳಿಗೆ 15 ಅಂದರೆ ವರ್ಷಕ್ಕೆ 180 ಹಾಳೆ. ಮನೆಯ ಸಣ್ಣ ಲೇಸರಿನ ಟೋನರ್ 1000 ಪುಟದ್ದು ಅಂತಿಟ್ಟುಕೊಂಡರೂ ಐದು ವರ್ಷ ದಾಟುತ್ತದೆ. ಎರಡು ಎಚ್ಚರಿಕೆ ಮಾತ್ರ: ಡಬ್ಬದ ಮೇಲಿನ ಪುಟಗಳ ಸಂಖ್ಯೆ ಹಾಳೆಯ ಸುಮಾರು 5 ಶೇಕಡಾ ಮಾತ್ರ ಕಪ್ಪಾಗುವ ಲೆಕ್ಕದ್ದು, ಮತ್ತು ಹೊಸ ಪ್ರಿಂಟರಿನ ಜೊತೆ ಬರುವ ಟೋನರ್ ಎಷ್ಟೋ ಸಲ ಅರ್ಧಂಬರ್ಧ ತುಂಬಿದ್ದು.

ಇನ್ನು ಬಣ್ಣ. ಕಲರ್ ಲೇಸರಿಗೆ ನಾಲ್ಕು ಟೋನರ್ ಬೇಕು, ಮೆಷಿನ್ನೂ ದಪ್ಪ, ಇಷ್ಟಾದರೂ ಫೋಟೋ ಇಂಕ್‌ಜೆಟ್‌ನಷ್ಟು ಚೆನ್ನಾಗಿ ಬರುವುದಿಲ್ಲ. ನಿಮಗೆ ಅದು ಬೇಡ. ಕಪ್ಪು ಬಿಳುಪು ಲೇಸರ್ ತಗೊಳ್ಳಿ, ಮಗಳ ಬಣ್ಣದ ಹಾಳೆ ಯಾವುದಾದರೂ ಅಂಗಡಿಯಲ್ಲಿ ತೆಗೆಸಿ. ವರ್ಷಕ್ಕೆ ಇಪ್ಪತ್ತು ಹಾಳೆಗಾಗಿ ನಾಲ್ಕು ಬಣ್ಣ ಸಾಕುವುದು ಯಾಕೆ, ಅಲ್ವಾ?

ಪ್ರಶ್ನೆ: ನಮ್ಮ ಮನೆಯಲ್ಲಿ ಇಬ್ಬರು ಮಕ್ಕಳು, ದಿನಾ ಏನಾದರೊಂದು ಬಣ್ಣದ ವರ್ಕ್‌ಶೀಟ್ ಇರುತ್ತದೆ. ನಾವೂ ಲೇಸರಿಗೇ ಹೋಗಬೇಕಾ?

ಉತ್ತರ: ಬೇಡ. ಬಾಟಲಿಯಿಂದ ಶಾಯಿ ಸುರಿಯುವ ಇಂಕ್ ಟ್ಯಾಂಕ್ ಪ್ರಿಂಟರ್ ನಿಮ್ಮಂಥವರಿಗೇ ಮಾಡಿದ್ದು. ಕೊಳ್ಳುವಾಗ ಕಾರ್ಟ್ರಿಡ್ಜ್ ಪ್ರಿಂಟರಿಗಿಂತ ದುಬಾರಿ, ಆದರೆ ಆಮೇಲೆ ಹಾಳೆಯ ಖರ್ಚು ತುಂಬಾ ಕಡಿಮೆ. ದಿನಾ ಓಡುವುದರಿಂದ ಒಣಗುವ ಭಯವೂ ಇಲ್ಲ. ಬೇಸಿಗೆ ರಜೆಯಲ್ಲಿ ಮಾತ್ರ ವಾರಕ್ಕೊಂದು ಬಣ್ಣದ ಹಾಳೆ ತೆಗೆಯುತ್ತಿರಿ.

ಪ್ರಶ್ನೆ: ಕರೆಂಟ್ ಹೋದಾಗ ಲೇಸರ್ ಪ್ರಿಂಟರನ್ನು ಮನೆಯ ಯುಪಿಎಸ್ ಮೇಲೆ ಓಡಿಸಬಹುದಾ? ಇಂಕ್‌ಜೆಟ್ ಫೋಟೋ ಪೇಪರ್ ಒಂದಿಷ್ಟು ಉಳಿದಿದೆ, ಅದನ್ನು ಲೇಸರಿಗೆ ಹಾಕಬಹುದಾ?

ಉತ್ತರ: ಎರಡೂ ಬೇಡ. ರೋಲರ್ ಬಿಸಿಯಾಗುವಾಗ ಲೇಸರ್ ಒಮ್ಮೆಲೇ ನೂರಾರು ವಾಟ್ ಎಳೆಯುತ್ತದೆ, ಸಣ್ಣ ಯುಪಿಎಸ್ ತಡೆಯುವುದಿಲ್ಲ. ಇಂಕ್‌ಜೆಟ್ ಆದರೆ ಹತ್ತಿಪ್ಪತ್ತು ವಾಟಿನಲ್ಲಿ ಮುಗಿಸುತ್ತದೆ, ಅದನ್ನು ಓಡಿಸಬಹುದು. ಫೋಟೋ ಪೇಪರಿನ ಹೊಳಪು ಲೇಪನ ಅದೇ ಬಿಸಿಗೆ ಕರಗಿ ರೋಲರಿಗೆ ಮೆತ್ತಿಕೊಳ್ಳಬಹುದು. ಆ ಪೇಪರನ್ನು ಮೊದಲ ಪ್ರಶ್ನೆ ಕೇಳಿದವರ ಹಳೇ ಇಂಕ್‌ಜೆಟ್‌ನಂಥದ್ದು ಇರುವ ಯಾರಿಗಾದರೂ ಕೊಟ್ಟುಬಿಡಿ.